ಮಾಳಿಗಿ ಸಾಹೇಬ ಹೊದ್ದ ಶಾಲು

ಬೆಂಕಿ ಬಿದ್ದಾಗ ಆತ ಕಾರ್ಖಾನೆಯೊಳಗೆ ಇರಲಿಲ್ಲ. ನಮ್ಮ ಮಾಳಿಗೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಬೆಂಕಿಯೊಳಗೆ ಹೋಗಿ ಯಾದಯ್ಯನನ್ನು ಬೆನ್ನ ಮೇಲೆ ಹೊತ್ತು ತಂದವರು ನಮ್ಮನೆಯವರು. ನಡೆದದ್ದು ಇಷ್ಟು. ಇದರ ಮೇಲೆ ಯಾರು ಏನು ಹೇಳಿದರೂ, ಯಾವ ದೇಶದ ಭಾಷೆಯಲ್ಲಿ ಹೇಳಿದರೂ, ಅದು ಒಗ್ಗರಣೆ.

ಆತ ತೀರಿಕೊಂಡ ಸುದ್ದಿಯನ್ನು ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದಳು. "ಆಯಿ, ನಿನ್ನ ಮಾಳಿಗಿ ಸಾಹೇಬ ಹೋದನಂತ ನೋಡು." ಜಪಾನಿನಲ್ಲಿ ದೊಡ್ಡ ಲೀಡರು. ಮಂತ್ರಿಯಾಗಿದ್ದವ, ಪಕ್ಷ ನಡೆಸಿದವ, ದೇಶದ ಎಲ್ಲಕ್ಕಿಂತ ದೊಡ್ಡ ಕುರ್ಚಿಯ ಹೊಸ್ತಿಲ ತನಕ ಹೋಗಿ ಬಂದವ. ಚಿತ್ರದಲ್ಲಿ ಮೈಕುಗಳ ಮುಂದೆ ಸೊಂಟ ಬಗ್ಗಿಸಿ ನಿಂತಿದ್ದ. ಬಿಳಿ ಕೂದಲು, ನಡುನೆತ್ತಿ ಕಂಡವು, ಮುಖ ಕಾಣಲಿಲ್ಲ. ನನಗೆ ಗುರುತು ಹತ್ತಿದ್ದೇ ಆ ನೆತ್ತಿಯಿಂದ.

ನಾವು ವಿಜಾಪುರದ ಕಡೆಯವರು. ನಮ್ಮನೆಯವರು ಹೈದರಾಬಾದಿನ ನಾಚಾರಂನಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಮೇಸ್ತ್ರಿ ಆಗಿದ್ದರು. ಕಾರ್ಖಾನೆಯೊಳಗೆ ಜಪಾನಿನವರದೂ ಪಾಲಿತ್ತು. ಕೆಲಸ ಕಲಿಸಲಿಕ್ಕೆಂದು ಅಲ್ಲಿಂದ ಬಂದ ಹುಡುಗ ಈತ. ಇಂಜಿನಿಯರು. ಕಂಪನಿಯವರು ಇಟ್ಟಿದ್ದ ಗೆಸ್ಟ್‌ಹೌಸು ಆತನಿಗೆ ಸರಿಹೋಗಲಿಲ್ಲ. ನಮ್ಮನೆಯವರು ನನ್ನನ್ನು ಒಂದು ಮಾತು ಕೇಳದೆ, "ನಮ್ಮ ಮಾಳಿಗಿ ಖಾಲಿ ಐತಲ್ರೀ ಸಾಹೇಬ್ರ" ಅಂದು ಕರೆದುಕೊಂಡು ಬಂದರು. ಅಂದಿನಿಂದ ಆತ ನಮಗೆಲ್ಲ ಮಾಳಿಗಿ ಸಾಹೇಬ. ಹೆಸರು ನಮ್ಮ ಬಾಯಿಗೆ ತಿರುಗುತ್ತಿರಲಿಲ್ಲ, ಆತನೂ ತಿದ್ದಲಿಲ್ಲ.

ಬಂದ ದಿನವೇ ನನಗೆ ಸಂಶಯ ಬಂತು. ಬಾಗಿಲ ಮುಂದೆ ಬಿಟ್ಟಿದ್ದ ನಮ್ಮೆಲ್ಲರ ಚಪ್ಪಲಿಗಳನ್ನು ಒಂದೊಂದಾಗಿ ತಿರುಗಿಸಿ, ಮೂತಿ ರಸ್ತೆಯ ಕಡೆಗೆ ಮಾಡಿ, ಸಾಲಾಗಿ ಇಟ್ಟ. ಬೀಗರು ಬಂದಿದ್ದರು. ಅವರು ಅದನ್ನು ನೋಡಿ ಚಹಾ ಅರ್ಧಕ್ಕೆ ಬಿಟ್ಟು ಎದ್ದರು.

"ಇದೇನ್ರಿ, ಬಂದವರನ್ನ ಹೋಗ್ರಿ ಅಂದಂಗ ಆತಲ್ಲ" ಅಂದೆ ನಮ್ಮನೆಯವರಿಗೆ.

"ಅವರ ಕಡೆ ಅದು ಮರ್ಯಾದಿ. ಹೋಗೂ ಮುಂದ ಸುಲಭ ಆಗಲಿ ಅಂತ."

"ಒಳಗ ಬರೂ ಮೊದಲ ಹೋಗೂದು ವಿಚಾರ ಮಾಡೂ ಮಂದಿನ ನಾ ನಂಬಂಗಿಲ್ಲ."

ಇನ್ನು ಆತ ಬಗ್ಗುವುದು. ಹಾಲಿನವಳಿಗೆ ಬಗ್ಗುತ್ತಿದ್ದ, ವಾಚ್‌ಮನ್‌ಗೆ ಬಗ್ಗುತ್ತಿದ್ದ, ಹಾಲಿನವಳ ಎಮ್ಮೆ ಅಡ್ಡ ಬಂದರೆ ಅದಕ್ಕೂ ಬಗ್ಗಿ ದಾರಿ ಬಿಡುತ್ತಿದ್ದ. ಓಣಿಯ ಮಂದಿಗೆ ಅದು ಭಾಳ ಸೇರಿತು. ಎಂಥ ವಿನಯ ಎಂದರು. ನಾನು ಮೆಟ್ಟಿಲ ಬುಡದಲ್ಲಿ ಅಕ್ಕಿ ಆರಿಸುತ್ತ ಕೂತು ನೋಡುತ್ತಿದ್ದೆ. ಬಗ್ಗಿದವನ ಮುಖ ಕಾಣುವುದಿಲ್ಲ. ನಗುತ್ತಾನೋ, ಸಿಟ್ಟಿಗೆ ಬಂದಾನೋ, ಏನು ಲೆಕ್ಕ ಹಾಕುತ್ತಾನೋ, ಯಾರಿಗೆ ಗೊತ್ತು?

ಬ್ಯಾಡ ಎನ್ನುವ ಮಾತೂ ಆತನ ಬಾಯಲ್ಲಿ ಇರಲಿಲ್ಲ. ಜೋಳದ ರೊಟ್ಟಿಗೆ ಕೆಂಪು ಮೆಣಸಿನಕಾಯಿ ರಂಜಕ ಹಚ್ಚಿ ಕೊಟ್ಟೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. "ಚೊಲೊ ಐತ್ರೀ ಅಕ್ಕಾರ" ಅಂದ. ಮರುದಿನ ಬೇಕೆಂತಲೇ ಎರಡು ಪಟ್ಟು ಹಚ್ಚಿದೆ. "ಭಾಳ ಚೊಲೊ ಐತ್ರೀ." ನಾಲಿಗೆ ಸುಡಾಕತ್ತೇತಿ ಎಂದು ಹೇಳಲಾರದವ ಬೇರೆ ಯಾವ ಖರೆ ಹೇಳಿಯಾನು?

ಆತನಲ್ಲಿ ಮೆಚ್ಚುವ ಗುಣ ಇರಲಿಲ್ಲವೇ? ಇತ್ತು. ಕಸಬರಿಗೆ ತಾನೇ ಹಿಡಿಯುತ್ತಿದ್ದ. ತನ್ನ ಮೆಟ್ಟಿಲು ಗುಡಿಸಿ ನಮ್ಮ ಅಂಗಳವನ್ನೂ ಗುಡಿಸುತ್ತಿದ್ದ. ಭಾಷೆ ಲಗೂನ ಹಿಡಿದ. ಕಾರ್ಖಾನೆಯ ಹಿಂದಿ ಕಾರ್ಖಾನೆಯಲ್ಲಿ, ನಮ್ಮ ಮಾತು ನಮ್ಮ ಮೆಟ್ಟಿಲ ಮೇಲೆ. ಒಂದು ವರ್ಷ ನಾಂಪಲ್ಲಿ ಎಕ್ಸಿಬಿಶನ್‌ಗೆ ಕರೆದುಕೊಂಡು ಹೋಗಿದ್ದೆವು. ಬಳೆ ಅಂಗಡಿಯವ ಬಾಯಿಗೆ ಬಂದ ರೇಟು ಹೇಳಿದ. ಈತ ಬಗ್ಗಿ ಕೊಡಲಿಕ್ಕೆ ಹೋದ. ನಾನು ಕೈ ಹಿಡಿದು ಎಳೆದೆ.

"ನಿಮ್ಮಪ್ಪ ರಾಜಕಾರಣಿ ಅಂತೀಯಲ್ಲೋ. ಚೌಕಾಸಿ ಕಲಿಸಿಲ್ಲೇನು?"

"ಅಪ್ಪ ಮಾಡ್ತಾರ್ರಿ ಅಕ್ಕಾರ. ಅದಕ್ಕ ನಾ ಇಲ್ಲಿಗೆ ಬಂದೇನಿ."

ಆತನ ಅಪ್ಪ ಅಲ್ಲಿ ಆರಿಸಿ ಬಂದ ಲೀಡರು. ಊರಿನ ಮದುವೆಗೂ ಮಣ್ಣಿಗೂ ಮನೆಯವರೆಲ್ಲ ಸಾಲಾಗಿ ನಿಂತು ಬಗ್ಗಬೇಕಂತೆ. "ನನಗೆ ಯಂತ್ರ ಚೊಲೊ. ಯಂತ್ರಕ್ಕ ಓಟು ಇಲ್ಲ" ಅನ್ನುತ್ತಿದ್ದ. ನಮ್ಮನೆಯವರು ಅದನ್ನು ಕೇಳಿ ತೊಡೆ ತಟ್ಟಿ ನಕ್ಕರು. ನಾನು ನಗಲಿಲ್ಲ. ಎಮ್ಮೆಗೂ ಬಗ್ಗುವವ ಓಟಿಗೆ ಬಗ್ಗದೆ ಇರುತ್ತಾನೆಯೇ?

ಒಂದು ಸಂಗತಿ ಇಲ್ಲಿಯೇ ಹೇಳಬೇಕು. ಒಮ್ಮೆ ಅವರ ದೇಶದಿಂದ ಬಿಸ್ಕೀಟು ಬಂದವು. ತಾಟಿನಲ್ಲಿ ಹಾಕಿಕೊಂಡು ಕೆಳಗೆ ಬಂದ. "ತಗೋರ್ರಿ" ಅಂದ. ನಮ್ಮನೆಯವರು ರೀತಿ ಪ್ರಕಾರ "ಬ್ಯಾಡ್ರಿ, ಬ್ಯಾಡ್ರಿ" ಅಂದರು. ಈತ ಬಗ್ಗಿದ, ತಾಟು ಎತ್ತಿಕೊಂಡು ಮೇಲೆ ಹೋಗಿಬಿಟ್ಟ. ನಮ್ಮನೆಯವರ ಮುಖ ನೋಡಬೇಕಿತ್ತು. ನಾನು ಮೆಟ್ಟಿಲ ಬುಡದಿಂದ ಕೂಗಿ ಕರೆದೆ.

"ಸಾಹೇಬಾ, ಕೇಳಿಲ್ಲಿ. ನಮ್ಮಲ್ಲಿ ಮೊದಲನೇ ಬ್ಯಾಡ ಬಾಯಿದು. ಎರಡನೇದು ಹೊಟ್ಟಿದು. ಎರಡು ಸಲ ಕೇಳಬೇಕು, ತಿಳೀತಿಲ್ಲೋ?"

"ತಿಳೀತ್ರೀ ಅಕ್ಕಾರ."

ತಿಳಿದಿತ್ತು. ಅಂದಿನಿಂದ ಚಹಾ ಇರಲಿ, ಬಾಳೆಹಣ್ಣು ಇರಲಿ, ಎಲ್ಲರನ್ನೂ ಎರಡು ಸಲ ಕೇಳುತ್ತಿದ್ದ. ಹಾಲಿನವಳನ್ನೂ.

ಇನ್ನು ಬೆಂಕಿ. ಆತನ ಹೊಟ್ಟೆ ಕೆಟ್ಟಿದ್ದು ನನ್ನ ರಂಜಕದಿಂದ ಎಂದು ನಮ್ಮನೆಯವರು, ಬಾಜಾರದ ಕಬ್ಬಿನ ಹಾಲಿನಿಂದ ಎಂದು ನಾನು. ಅಂತೂ ಆ ದಿನ ಕೆಲಸಕ್ಕೆ ಹೋಗಲಿಲ್ಲ. ನುಚ್ಚು ಮಜ್ಜಿಗೆ ಕಲಸಿ ನಾನೇ ಮೇಲೆ ಒಯ್ದು ಕೊಟ್ಟು ಬಂದಿದ್ದೆ. ಮಧ್ಯಾಹ್ನ ಕಾರ್ಖಾನೆಯ ಬಣ್ಣ ಹಚ್ಚುವ ಶೆಡ್ಡಿಗೆ ಬೆಂಕಿ ಹತ್ತಿತು. ಎಲ್ಲರೂ ಹೊರಗೆ ಓಡಿದರು. ಯಾದಯ್ಯ ಒಳಗೇ ಉಳಿದ. ಆತ ಬಣ್ಣ ಹೊಡೆಯುವವ, ನಮ್ಮನೆಯವರ ಕೈಕೆಳಗಿನವ, ಈ ಊರಿನವನೇ. ನಮ್ಮನೆಯವರು ಗೋಣಿಚೀಲ ನೀರಲ್ಲಿ ಅದ್ದಿ ತಲೆ ಮೇಲೆ ಹಾಕಿಕೊಂಡು ಒಳಗೆ ಹೋದರು. ಕಾದ ಕಬ್ಬಿಣದ ಬಾಗಿಲನ್ನು ಬಲಗೈಯಿಂದ ದೂಡಿದರು. ಅಂಗೈ ತೊಗಲು ಬಾಗಿಲಿಗೇ ಹತ್ತಿಕೊಂಡಿತು. ಯಾದಯ್ಯ ಬದುಕಿದ.

ಸುದ್ದಿ ಕೇಳಿ ಮಾಳಿಗಿ ಸಾಹೇಬ ಬರಿಗಾಲಲ್ಲಿ ಓಡಿದ, ಅದು ಖರೆ. ನಾನೇ ನೋಡಿದ್ದೇನೆ. ಆತ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಹೊಗೆಯಲ್ಲಿ ನಿಂತು ನೀರಿನ ಪೈಪು ಹಿಡಿದ. ಅಂಗಿಗೆ ಮಸಿ ಹತ್ತಿತು. ಅಷ್ಟೇ.

ಆಮೇಲೆ ಕಂಪನಿಯವರು ಕ್ಯಾಂಟೀನಿನಲ್ಲಿ ಒಂದು ಸಣ್ಣ ಸನ್ಮಾನ ಇಟ್ಟರು. ಹಾರ, ತೆಂಗಿನಕಾಯಿ, ಒಂದು ಕೆಂಪು ಶಾಲು. ನನ್ನನ್ನೂ ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಮ್ಯಾನೇಜರು ಶಾಲು ಬಿಚ್ಚಿ ನಮ್ಮನೆಯವರ ಕಡೆ ತಿರುಗಿದರು. ನಮ್ಮನೆಯವರಿಗೆ ಆಗ ಬುದ್ಧಿ ಎಲ್ಲಿ ಹೋಯಿತೋ! ಬಾಜೂ ಕುರ್ಚಿಯಲ್ಲಿ ಮಾಳಿಗಿ ಸಾಹೇಬ ಕೂತಿದ್ದ. ಪರದೇಶದಿಂದ ಬಂದ ಅತಿಥಿ ಬರಿ ಹೆಗಲಲ್ಲಿ ಕೂತಿರುವಾಗ ತಾನು ಶಾಲು ಹೊದೆಯುವುದೇ ಎಂದು, ಮ್ಯಾನೇಜರ ಕೈಯಿಂದ ಶಾಲು ಇಸಿದುಕೊಂಡು, ಪಟ್ಟಿ ಕಟ್ಟಿದ ಕೈಯಿಂದಲೇ ಸಾಹೇಬನ ಹೆಗಲಿಗೆ ಹೊದಿಸಿಬಿಟ್ಟರು. ನಮ್ಮ ಮಂದಿ ಮಾಡುವ ತಪ್ಪೇ ಇದು. ತಮ್ಮದನ್ನು ಮೊದಲು ಅತಿಥಿಗೆ ದಾಟಿಸುವುದು. ಸಾಹೇಬ ಗಡಬಡಿಸಿ ಎದ್ದ, ಏನೋ ಹೇಳಲಿಕ್ಕೆ ಹೋದ, ಹೇಳದೆ ಸೊಂಟದ ತನಕ ಬಗ್ಗಿದ. ಚಪ್ಪಾಳೆ ಬಿದ್ದವು. ಫೋಟೋದವ ಅದೇ ಹೊತ್ತಿಗೆ ಬೆಳಕು ಹೊಡೆದ.

ಸಂಜೆ ಶಾಲನ್ನು ನೀಟಾಗಿ ಮಡಚಿಕೊಂಡು ಕೆಳಗೆ ಬಂದ. ಎರಡೂ ಕೈಯಲ್ಲಿ ಹಿಡಿದು, "ಇದು ನಿಮ್ಮದ್ರಿ" ಅಂದ.

"ಏ, ಹೊದಿಸಿದ ಶಾಲು ತಿರುಗಿ ತಗೋಬಾರದ್ರೀ ಸಾಹೇಬ್ರ. ಬ್ಯಾಡ್ರಿ" ಅಂದರು ನಮ್ಮನೆಯವರು.

ಆತ ನಿಂತ. ನಾನು ಒಲೆಯ ಮುಂದಿನಿಂದ ನೋಡುತ್ತಿದ್ದೆ. ಈಗ ಎರಡನೇ ಸಲ ಕೇಳುತ್ತಾನೆ ಎಂದುಕೊಂಡೆ. ಕೇಳಲಿಲ್ಲ. ಬಗ್ಗಿದ, ಶಾಲು ಎತ್ತಿಕೊಂಡು ಮೆಟ್ಟಿಲು ಹತ್ತಿದ.

"ನೋಡಿದ್ರ್ಯಾ? ಬಾಳೆಹಣ್ಣಿಗೆ ಎರಡು ಸಲ ಕೇಳತಾನ. ಶಾಲಿಗೆ ಒಂದ ಸಲ" ಅಂದೆ.

"ಶಾಲು ಬ್ಯಾರೆ, ಬಾಳೆಹಣ್ಣು ಬ್ಯಾರೆ. ನಿನ್ನ ಕಣ್ಣಾಗ ಎಲ್ಲಾರೂ ಕಳ್ಳರೇ" ಅಂದರು.

ಸ್ವಲ್ಪ ಕಾಲಕ್ಕೆ ಅಪ್ಪ ತೀರಿಕೊಂಡರೆಂದು ಆತನಿಗೆ ಫೋನು ಬಂತು. ಹೋದ. ಅಪ್ಪನ ಕುರ್ಚಿಗೆ ಮಗನೇ ನಿಂತ, ಗೆದ್ದ. ಯಂತ್ರದ ಮಾತು ಅಲ್ಲಿಗೆ ಮುಗಿಯಿತು. ನಮ್ಮಲ್ಲೂ ಹಾಗೇ ನಡೆಯುತ್ತದೆ, ಅದಕ್ಕೆ ನಾನು ಬೆರಗಾಗಲಿಲ್ಲ.

ಮಂತ್ರಿಯಾದ ಮೇಲೆ ಒಮ್ಮೆ ಹೈದರಾಬಾದಿಗೆ ಬಂದ. ಹಿಂದೊಂದು ಮುಂದೊಂದು ಕಾರು, ಪೊಲೀಸರು, ಕ್ಯಾಮೆರಾದವರು. ನಮ್ಮ ಓಣಿಗೆ ಕಾರು ಹಿಡಿಸಲಿಲ್ಲ, ನಡೆದು ಬಂದ. ಬಾಗಿಲಲ್ಲಿ ಬೂಟು ಬಿಚ್ಚಿ, ಮೂತಿ ರಸ್ತೆಗೆ ಮಾಡಿಟ್ಟ. "ಅಕ್ಕಾರ, ಊಟ ಆತ್ರೀ?" ಅಂದ. ಮಾತು ಮರೆತಿರಲಿಲ್ಲ. ಜೊತೆಗಿದ್ದವನೊಬ್ಬ ನಮ್ಮನೆಯವರ ಕೈಗೆ ಒಂದು ಬಣ್ಣದ ಪುಸ್ತಕ ಕೊಟ್ಟ. ಅದರಲ್ಲಿ ಸನ್ಮಾನದ ಫೋಟೋ ಇತ್ತು. ಸಾಹೇಬ ಇದ್ದ, ಶಾಲು ಇತ್ತು, ನಮ್ಮನೆಯವರು ಇರಲಿಲ್ಲ. ಹೊದಿಸುವ ಎರಡು ಕೈ ಮಾತ್ರ ಉಳಿದಿದ್ದವು, ಒಂದಕ್ಕೆ ಪಟ್ಟಿ. ಕೆಳಗೆ ಜಪಾನಿ ಅಕ್ಷರ.

"ಏನು ಬರದಾರ್ರಿ?" ಎಂದು ನಾನು ಹಿಂದಿಯಲ್ಲಿ ಕೇಳಿದೆ. ಪುಸ್ತಕ ಕೊಟ್ಟವ ನಕ್ಕು, "ದೋಸ್ತಿ, ಅಮ್ಮಾ, ದೋಸ್ತಿ" ಅಂದ.

ಅಷ್ಟರಲ್ಲಿ ಕ್ಯಾಮೆರಾದವರು ಸುತ್ತಿಕೊಂಡರು. ಸಾಹೇಬ ನಮ್ಮನೆಯವರ ಸುಟ್ಟ ಬಲಗೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡ. ಫೋಟೋ ಮುಗಿಯುವ ತನಕ ಬಿಡಲಿಲ್ಲ. ಎಲ್ಲ ಹೋದ ಮೇಲೆ ನಮ್ಮನೆಯವರ ಕಣ್ಣು ಒದ್ದೆ.

"ಎಷ್ಟು ಪ್ರೀತಿಯಿಂದ ಹಿಡಕೊಂಡ ನೋಡು."

"ಹಿಡಕೊಂಡಿಲ್ಲ. ಮುಚ್ಚಿಕೊಂಡಾನ" ಅಂದೆ.

ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಇಂದಿಗೂ ನನಗೆ ಪೂರಾ ಗೊತ್ತಿಲ್ಲ. ಎರಡೂ ಇದ್ದಿರಬಹುದು. ಕೈ ಎರಡು ಇದ್ದವಲ್ಲ.

ಮುಂದೆ ಆತನ ಖಾತೆಯಲ್ಲಿ ಏನೋ ಹಗರಣವಾಗಿ ರಾಜೀನಾಮೆ ಕೊಟ್ಟ. ಟಿವಿಯಲ್ಲಿ ಸ್ವಲ್ಪ ಹೊತ್ತು ತೋರಿಸಿದರು. ಬಗ್ಗಿ ನಿಂತವ ಏಳಲೇ ಇಲ್ಲ. "ಮಾನವಂತ. ನಮ್ಮವರು ಹಿಂಗ ಕುರ್ಚಿ ಬಿಡತಾರೇನು?" ಅಂದರು ನಮ್ಮನೆಯವರು. ಕಾಲ ಕಳೆಯಿತು, ಆತ ಪಕ್ಷದ ಮುಖ್ಯಸ್ಥನಾಗಿ ತಿರುಗಿ ಬಂದ. "ಬಗ್ಗಿದವ ಎದ್ದ ನೋಡ್ರಿ" ಅಂದೆ. ದೊಡ್ಡ ಕುರ್ಚಿ ಮಾತ್ರ ಸಿಗಲಿಲ್ಲ. ಇನ್ಯಾವನೋ ಇವನಿಗಿಂತ ತಗ್ಗಿ ಬಗ್ಗಿರಬೇಕು.

ನಮ್ಮನೆಯವರು ತೀರಿಕೊಂಡಾಗ ಬಿಳಿ ಹೂವು ಕಳಿಸಿದ್ದ. ಆಮೇಲೆ ಫೋನು ಮಾಡಿದ. "ಅಕ್ಕಾರ" ಅಂದ, ಮತ್ತೆ "ಅಕ್ಕಾರ" ಅಂದ. ಹೇಳೂದಿದ್ರ ಹೇಳಪಾ ಅಂದೆ.

"ಶಾಲು ನನ್ನ ಹಂತೇಕ ಐತ್ರೀ."

ಅದು ಎರಡನೇ ಸಲ ಕೇಳಿದ್ದೋ ಏನೋ. ಉಣ್ಣುವವರು ಎದ್ದು ಹೋದ ಮೇಲೆ ಬಡಿಸಲಿಕ್ಕೆ ಬಂದರೆ ಏನು ಮಾಡುವುದು? "ಇಟಗೋ" ಅಂದೆ. ಫೋನು ಇಟ್ಟೆ.

ಈಗ ಆತನೂ ಹೋದ. ಕುರ್ಚಿಗೆ ಮಗಳು ನಿಂತಿದ್ದಾಳೆ. ಆಕೆಯೇ ನಮ್ಮ ಮನೆಗೆ ಬಂದಳು. ಹಿಮಾಯತ್‌ನಗರದ ಹೋಟೆಲಿನಲ್ಲಿ ಇಳಿದಿದ್ದಳು, ಜೊತೆಗೆ ಒಬ್ಬ ಕ್ಯಾಮೆರಾದವ, ಮಾತು ತಿರುಗಿಸಲಿಕ್ಕೆ ಇಲ್ಲೇ ಕಂಪನಿಯಲ್ಲಿರುವ ಮೈಸೂರಿನ ಹುಡುಗಿ. ಜಪಾನಿ ಕಲಿತವಳು. ಮಗಳು ಬಾಗಿಲಲ್ಲೇ ಬಗ್ಗಿದಳು. ಅದೇ ನೆತ್ತಿ, ಕೂದಲು ಮಾತ್ರ ಕರಿ.

"ಅಜ್ಜಿ, ಇವರ ತಂದೆ ನಿಮ್ಮ ಯಜಮಾನರ ಪ್ರಾಣ ಉಳಿಸಿದ್ದನ್ನ ನಿಮ್ಮ ಬಾಯಲ್ಲೇ ಕೇಳ್ಬೇಕಂತೆ. ಅಲ್ಲಿ ಎಲೆಕ್ಷನ್‌ನಲ್ಲಿ ತೋರಿಸ್ತಾರಂತೆ" ಅಂದಳು ಮೈಸೂರಿನ ಹುಡುಗಿ.

"ಯಾರ ಪ್ರಾಣ, ಯಾರು ಉಳಿಸಿದ್ದು?"

ಹುಡುಗಿ ಚೀಲದಿಂದ ಅದೇ ಪುಸ್ತಕ ತೆಗೆದಳು. ಫೋಟೋ ಕೆಳಗಿನ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಬೆಂಕಿಯಿಂದ ತನ್ನನ್ನು ಹೊತ್ತು ತಂದ ನಾಯಕನಿಗೆ ಗಾಯಗೊಂಡ ಕಾರ್ಮಿಕ ಶಾಲು ಹೊದಿಸುತ್ತಿರುವುದು.

ಪಟ್ಟಿ ಕಟ್ಟಿದ ಕೈ ನೋಡಿ ಅಲ್ಲಿಯವರು ಹಾಗೆ ತಿಳಿದರು. ಗಾಯ ಆದವ ಅಂದರೆ ಬದುಕಿ ಉಳಿದವ, ಶಾಲು ಹೊದ್ದವ ಅಂದರೆ ಉಳಿಸಿದವ. ಅಲ್ಲ ಎನ್ನಲಿಕ್ಕೆ ಒಬ್ಬನಿಗೆ ಬಾಯಿತ್ತು, ಆ ಬಾಯಿ ಬಗ್ಗಿಕೊಂಡೇ ಮಂತ್ರಿಯಾಯಿತು. ಶಾಲು ಹೋದರೆ ಹೋಗಲಿ ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಆದರೆ ಹೊತ್ತವರನ್ನೇ ಹೊರಿಸಿಕೊಂಡವರು ಮಾಡಿದರಲ್ಲ! ಅದೂ ನನ್ನ ಬಾಯಿಂದ ಹೇಳಿಸಬೇಕಂತೆ.

ಇದ್ದದ್ದು ಇದ್ದಂತೆ ಹೇಳಿದೆ. ಹೊಟ್ಟೆ ಕೆಟ್ಟದ್ದು, ನುಚ್ಚು ಮಜ್ಜಿಗೆ, ಗೋಣಿಚೀಲ, ಎಲ್ಲ. ಮೈಸೂರಿನ ಹುಡುಗಿ ತಿರುಗಿಸಿದಳು. ನಾನು ಹೇಳಿದ್ದು ಒಂದು ತುತ್ತು, ಆಕೆ ಬಡಿಸಿದ್ದು ಒಂದು ತಾಟು. "ಎಲ್ಲಾ ಹೇಳಿದಿಯೇನವಾ? ಹೊಟ್ಟಿದೂ ಹೇಳಿದಿ?" ಅಂದೆ. "ಹೇಳ್ದೆ ಅಜ್ಜಿ, ಸ್ವಲ್ಪ ಮೆತ್ತಗೆ ಹೇಳ್ದೆ." ಮೆತ್ತಗೆ ಅಂದಾಗಲೇ ನನಗೆ ತಿಳಿಯಿತು.

ಮಗಳು ಮೆಟ್ಟಿಲ ಕಡೆ ನೋಡಿದಳು. ಆಮೇಲೆ ಏನೋ ಅಂದಳು.

"ತುಂಬಾ ವರ್ಷ ಆಗಿದೆ, ಒಬ್ಬೊಬ್ಬರ ನೆನಪು ಒಂದೊಂದು ಥರ ಇರುತ್ತೆ ಅಂತಾರೆ ಅಜ್ಜಿ. ನಾಳೆ ಬೆಳಿಗ್ಗೆ ಬೆಳಕು ಚೆನ್ನಾಗಿರುತ್ತಂತೆ, ಮನೆ, ಮೆಟ್ಟಿಲು ಚಿತ್ರ ತಗೋತಾರೆ. ನೀವು ಸುಮ್ನೆ ಕೂತಿದ್ರೆ ಸಾಕು. ಮಾತು ಅಲ್ಲಿ ಸೇರಿಸ್ಕೋತಾರೆ."

"ನನಗ ಮರವು ಬಂದಿಲ್ಲ ಅಂತ ಹೇಳು."

ಹೇಳಿದಳೋ ಇಲ್ಲವೋ. ಮಗಳು ಬಗ್ಗಿದಳು, ಹೋದಳು.

ಮರುದಿನ ಮುಂಜಾನೆ ಚಹಾ ಕೂಡ ಕುಡಿಯದೆ ಯಾದಯ್ಯನ ಮನೆಗೆ ಹೋದೆ. ಎರಡು ಓಣಿ ಆಚೆ ಅವನ ಮನೆ. ಹೊಗೆ ಕುಡಿದ ಎದೆ, ಇಂದಿಗೂ ಕೆಮ್ಮುತ್ತಾನೆ. ಹಲ್ಲುಜ್ಜುತ್ತಿದ್ದ.

"ಏಮೈಂದಿ ವದಿನಾ?" ಅಂದ. ಏನಾಯಿತು ಅತ್ತಿಗೆ ಎಂದು. ಹೇಳಿದೆ. ಬಾಯಿ ಮುಕ್ಕಳಿಸಿ, ತಿರುಗಿ ಏನೂ ಕೇಳದೆ, ಒಗೆದ ಅಂಗಿ ಹಾಕಿಕೊಂಡು ನನ್ನ ಹಿಂದೆ ಬಂದ. ಮೆಟ್ಟಿಲ ಮೇಲೆ ಅವನನ್ನು ಕೂಡಿಸಿದೆ.

ಅವರು ಬಂದರು. "ಇವ ಯಾದಯ್ಯ. ಬೆಂಕಿಯೊಳಗ ಇದ್ದವ ಇವ" ಅಂದೆ. ಕ್ಯಾಮೆರಾದವ ಮಗಳ ಮುಖ ನೋಡಿದ. ಮಗಳು ಒಂದು ಕ್ಷಣ ತಡೆದು ತಲೆ ಆಡಿಸಿದಳು. ಕೆಂಪು ದೀಪ ಹತ್ತಿತು. ಯಾದಯ್ಯ ತೆಲುಗಿನಲ್ಲಿ ಶುರು ಮಾಡಿದ. ಮೈಸೂರಿನ ಹುಡುಗಿ ಕೈ ಹಿಸುಕಿಕೊಂಡಳು.

"ಅಜ್ಜಿ, ನಂಗೆ ತೆಲುಗು ಅಷ್ಟಾಗಿ ಬರಲ್ಲ."

"ತಡಿಯವಾ. ಯಾದಯ್ಯಾ, ನಿನ್ನನ್ನ ಹೊತ್ತವರು ಯಾರು, ನಿನಗ ಹೆಂಗ ಗೊತ್ತಾತು? ಕಣ್ಣು ಮುಚ್ಚಿದ್ದಿ ಅಲ್ಲೇನು?" ಎಂದು ಹುಡುಗಿಗೂ ತಿಳಿಯಲೆಂದು ಹಿಂದಿಯಲ್ಲಿ ಕೇಳಿದೆ.

"ಕಣ್ಣು ಮುಚ್ಚಿದ್ದೆ ವದಿನಾ. ಕಿವಿ ಮುಚ್ಚಿರಲಿಲ್ಲ. ಅಣ್ಣ ದಾರಿ ತುಂಬ ಬೈಯುತ್ತಿದ್ದರು" ಅಂದ. ಆಮೇಲೆ, ಕನ್ನಡದ ನಾಲ್ಕು ಮಾತು ನೆಟ್ಟಗೆ ಬಾರದವ, ನಮ್ಮನೆಯವರ ದನಿಯಲ್ಲೇ ಒದರಿದ: "ಸಾಯಬ್ಯಾಡೋ ಭಾಡ್ಯಾ! ನೀ ಸತ್ರ ನಿನ್ನ ಹೆಂಡ್ತಿಗೆ ನಾ ಯಾವ ಮಾರಿ ತೋರಿಸಲಿ?"

ನಾನು ಆ ಮಾತು ಅಂದೇ ಮೊದಲು ಕೇಳಿದ್ದು. ಮನೆಗೆ ಬಂದು ಅವರು ಇದನ್ನು ಹೇಳಿರಲಿಲ್ಲ.

ಮೈಸೂರಿನ ಹುಡುಗಿಯ ಮುಖ ಕೆಂಪಾಯಿತು. "ಅಜ್ಜಿ, ಈ ಬೈಗುಳನ ಅವರ ಭಾಷೇಲಿ ಹೇಗೆ ಹೇಳ್ಲಿ?"

"ಮೆತ್ತಗ ಮಾಡಬ್ಯಾಡ. ಇದ್ದಂಗ ಹೇಳು."

ಆಕೆ ಒಂದೇ ಉಸಿರಿಗೆ ಹೇಳಿದಳು. ಈ ಸಲ ತಾಟು ತುಂಬ ಬಡಿಸಲಿಲ್ಲ, ತುತ್ತಿಗೆ ತುತ್ತು. ಮಗಳು ಯಾದಯ್ಯನ ಮುಖವನ್ನೇ ನೋಡುತ್ತ ನಿಂತಳು. ಕ್ಯಾಮೆರಾದವ ಕೈ ಮುಂದೆ ಮಾಡಿ ದೀಪ ಆರಿಸಲಿಕ್ಕೆ ಹೋದ. ನಾನು ಅವನ ಕೈಯನ್ನು ಅಲ್ಲೇ ತಡೆದು, ಯಾದಯ್ಯನ ಕಡೆ ತಿರುಗಿದೆ.

"ಇನ್ನೊಮ್ಮೆ ಅನ್ನಪಾ" ಅಂದೆ. "ಈ ಸಲ ಜೋರಾಗಿ."